ಕಂಬಳಿ ಮಾತಾಡುವುದಿಲ್ಲ

ಹನಗೋಡಿನ ಪುಟ್ಟಸ್ವಾಮಿಯ ಕಣ್ಣು ಹೋಗಿ ಹದಿನೆಂಟು ವರ್ಷ. ಅಂದಿನಿಂದ ಅವನ ಬಲಗೈ ಹೆಂಡತಿ ಕುಳ್ಳಮ್ಮನ ಎಡಹೆಗಲ ಮೇಲೆಯೇ ಇತ್ತು. ಹೊಳೆಗೆ ಹೋದರೂ ಹೆಗಲು, ಸೋಮವಾರ ಈಶ್ವರನ ಗುಡಿಗೆ ಹೋದರೂ ಹೆಗಲು. ಆಕೆಯ ರವಿಕೆಗಳೆಲ್ಲ ಮೊದಲು ಸವೆಯುತ್ತಿದ್ದುದು ಆ ಎಡಗಡೆಯೇ. ಅದಕ್ಕೆ ತೇಪೆ ಹಾಕುವಾಗ ಕುಳ್ಳಮ್ಮನಿಗೆ ಒಳಗೊಳಗೇ ಒಂದು ಹೆಮ್ಮೆ.

ಆ ಹೆಮ್ಮೆಗೆ ಕಲ್ಲು ಬಿದ್ದದ್ದು ಹೊಗೆಸೊಪ್ಪು ಬೇಯಿಸುವ ಮನೆಯಾದ ಬ್ಯಾರನ್ನಿನಲ್ಲಿ. ಸೊಪ್ಪು ಬೇಯಿಸಿ ಮುಗಿದು ಬ್ಯಾರನ್ ಖಾಲಿಯಾದ ಮೇಲೆ ಅಲ್ಲಿ ಕರು ಕಟ್ಟುತ್ತಿದ್ದರು. ಕರುವನ್ನು ಕರೆಯಲು ಪುಟ್ಟಸ್ವಾಮಿ ನಾಲಿಗೆಯಲ್ಲಿ ಲೊಚ್ ಎಂದರೆ ಎತ್ತರದ ಗೋಡೆಗಳೂ ಲೊಚ್ ಎನ್ನುತ್ತಿದ್ದವು. ಗೋಡೆ ಹತ್ತಿರವಿದ್ದರೆ ಆ ಮರುದನಿ ಒಂದು ತರ, ಬಾಗಿಲು ತೆರೆದಿದ್ದರೆ ಇನ್ನೊಂದು ತರ. ಎರಡು ಬೇಸಿಗೆ ಅವನಿಗೆ ಅದೇ ಧ್ಯಾನ. ಕೊನೆಗೊಂದು ದಿನ ಹೆಗಲು ಬಿಟ್ಟು, ಲೊಚ್ ಲೊಚ್ ಎನ್ನುತ್ತ, ಲೈಟುಕಂಬ ಬಳಸಿ, ನಿಂತ ಟ್ರ್ಯಾಕ್ಟರ್ ಬಳಸಿ, ಒಬ್ಬನೇ ಗುಡಿ ಮುಟ್ಟಿದ. ಶಿವ ಕೊಟ್ಟ ವರವೆಂದು ಊರು ಕೈಮುಗಿಯಿತು.

ಕುಳ್ಳಮ್ಮನೂ ಕೈಮುಗಿದಳು. ಆದರೆ ಹೊಟ್ಟೆಯೊಳಗೆ ಕೆಂಡ.

“ಇನ್ನೇನವ್ವ ಕುಳ್ಳಮ್ಮ, ನೀನು ರಿಟೈರ್ ಆದಂಗೆ ಬುಡು,” ಎಂದು ಪಕ್ಕದ ಮನೆಯ ಚೆಲುವಮ್ಮ ನಕ್ಕಾಗ ಆ ಕೆಂಡಕ್ಕೆ ಗಾಳಿ ಊದಿದಂತಾಯಿತು. ಸವತಿಯಾಗಿದ್ದರೆ ಜುಟ್ಟು ಹಿಡಿಯಬಹುದಿತ್ತು. ಗಂಡನ ನಾಲಿಗೆಯ ಸದ್ದನ್ನು ಹಿಡಿಯುವುದು ಎಲ್ಲಿ?

ಉಣ್ಣುವಾಗ ಅವನೇ ಗುಟ್ಟು ಬಿಟ್ಟುಕೊಟ್ಟ. “ಕಲ್ಲು ತಟ್ಟಂತ ಮಾತಾಡ್ತದೆ ಕಣೇ. ತಗಡಂತೂ ಬಾಯಿಬಡ್ಕಿ. ಕಂಬ್ಳಿ ಮಾತ್ರ ಏನೂ ಯೋಳಕಿಲ್ಲ, ಸದ್ದೆಲ್ಲ ನುಂಗ್ಕೊಂಡ್ ಬುಡ್ತದೆ.”

ಮುಂದಿನ ಸೋಮವಾರ ಕುಳ್ಳಮ್ಮ ಅವನ ಕರಿಕಂಬಳಿಯನ್ನು ಒಗೆದು, ಓಣಿಗೆ ಅಡ್ಡಲಾಗಿ ಹಗ್ಗ ಕಟ್ಟಿ ಹರವಿದಳು. ಜಗಲಿಯ ಮೇಲೆ ಹೂ ಕಟ್ಟುತ್ತ ಕಾದಳು. ಅವನು ಬೀಳುವುದು ಬೇಡ. ಬೆದರಿ ಒಮ್ಮೆ ‘ಕುಳ್ಳೀ’ ಎಂದು ಕೂಗಿದರೆ ಸಾಕಿತ್ತು.

ಗುಡಿಗೆ ಹೊರಟ ಪುಟ್ಟಸ್ವಾಮಿ ಲೊಚ್ ಎನ್ನುತ್ತ ಬಂದ. ಒದ್ದೆ ಕಂಬಳಿ ಮುಖಕ್ಕೆ ರಪ್ಪನೆ ಬಡಿಯಿತು. ತಡವರಿಸಿದವನ ಒಂದು ಕಾಲು ಚರಂಡಿಗೆ ಜಾರಿತು. ಕುಳ್ಳಮ್ಮ ಮಡಿಲ ಹೂ ಚೆಲ್ಲಿ ಓಡಿ ಅವನ ರಟ್ಟೆ ಹಿಡಿದಳು.

ಅವನು ಕೂಗಿರಲಿಲ್ಲ. ಕಂಬಳಿಯ ಅಂಚನ್ನು ಬೆರಳಲ್ಲಿ ಸವರಿ, “ನಮ್ದೇ ಕಂಬ್ಳಿ,” ಎಂದ. “ಇತ್ಲಲ್ಲಿ ಬಟ್ಟೆ ಒಣಾಕೋ ಅಗ್ಗ ಇರ್ನಿಲ್ವಾ?”

“ನಿಮ್ ನಾಲ್ಗೆಗೇ ಎಲ್ಲಾ ಗೊತ್ತಲ್ಲ, ಅದ್ನೇ ಕೇಳ್ಕಳಿ!” ಎಂದವಳು ಕಂಬಳಿಯನ್ನು ಹಗ್ಗದಿಂದ ಎಳೆದುಕೊಂಡಳು. “ನಾನೇ ಕಟ್ಟಿದ್ದು. ಒಟ್ಟೆಕಿಚ್ಚಿಗೆ ಕಟ್ಟಿದ್ದು.”

“ಪೂಜೆಗೆ ಒತ್ತಾಯ್ತದೆ, ಬಾ,” ಎಂದು ಪುಟ್ಟಸ್ವಾಮಿ ಕಾಲು ತೊಳೆದು ಮುಂದೆ ನಡೆದ. ಹೆಗಲು ಕೇಳಲಿಲ್ಲ. ಅವಳು ತಲೆತಗ್ಗಿಸಿ ಹಿಂದೆ ಹೋದಳು.

ಗುಡಿಯ ಹೊಸ್ತಿಲಲ್ಲಿ ಸದ್ದು ನಿಂತಿತು. ಶಿವನೆದುರು ನಾಲಿಗೆ ಲೊಚಗುಟ್ಟಿಸುವವನಲ್ಲ ಅವನು. ಕೈಮುಗಿದು ನಿಂತು, ಮೆಲ್ಲಗೆ ಕೇಳಿದ: “ಇವತ್ತು ಸ್ವಾಮಿಗೆ ಏನೇನ್ ಊವ ಮುಡ್ಸವ್ರೆ?”

“ಒಬ್ರೇ ಬತ್ತಿದ್ರಲ್ಲ, ಆಗ ಯಾರ್ನ ಕೇಳ್ತಿದ್ರಿ?”

“ಯಾರ್ನೂ ಇಲ್ಲ. ಊವಾನೂ ಕಂಬ್ಳಿ ಅಂಗೇ ಕಣೇ, ಏನೂ ಯೋಳಕಿಲ್ಲ. ಸುಮ್ಕೆ ಕೈಮುಗ್ದು ಬತ್ತಿದ್ದೆ.”

ಕುಳ್ಳಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಹೇಳತೊಡಗಿದಳು. ಲಿಂಗದ ಬುಡದಲ್ಲಿ ತುಂಬೆ, ಸುತ್ತ ಕಣಗಿಲೆ, ನೆತ್ತಿಯಲ್ಲಿ ಎಳೆಯ ಬಿಲ್ವ, ಅದರ ಮೇಲೆ ಒಂದೇ ಒಂದು ಬಿಳಿ ಎಕ್ಕ. ಪೂಜಾರಿ ಮಂಗಳಾರತಿ ತಟ್ಟೆ ಹಿಡಿದು ನಿಂತೇ ಇದ್ದ. ಹಿಂದೆ ಚೆಲುವಮ್ಮ ಬಂದು ನಿಂತದ್ದು ಕಂಡದ್ದೇ ತಡ, ಕುಳ್ಳಮ್ಮ ದನಿ ಏರಿಸಿ, ಅಲ್ಲಿಲ್ಲದ ಒಂದು ಸೇವಂತಿಗೆ ಹಾರವನ್ನೂ ಸೇರಿಸಿದಳು.