ಫ್ಯಾನ್ ಇದ್ದದ್ದು, ಇಲ್ಲದ್ದು

ಬೆರಳಚ್ಚು, ಅಂಗಡಿಯಲ್ಲಿಟ್ಟ ಪ್ರತಿಯೊಂದು ಲ್ಯಾಪ್‌ಟಾಪಿನ ಮುಚ್ಚಳದ ಮೇಲೂ ಯಾರ್ಯಾರದೋ ಬೆರಳಚ್ಚು, ಬೆಳಕು ಓರೆಯಾಗಿ ಬಿದ್ದಾಗ ಮಾತ್ರ ಕಾಣುತ್ತವೆ, ಇಷ್ಟು ಜನ ಮುಟ್ಟಿ ನೋಡಿ ಕೊಳ್ಳದೆ ಹೋಗಿದ್ದಾರೆ ಅಂದರೆ ನಾನೂ ಹಾಗೇ ಮುಟ್ಟಿ ಹೋಗಿಬಿಡಬಹುದಿತ್ತು, ಆದರೆ ಸೋಮವಾರದೊಳಗೆ ಮೂರು ಅಧ್ಯಾಯ ತಿದ್ದಿ ಕೊಡಬೇಕು, ಹಳೆಯ ಲ್ಯಾಪ್‌ಟಾಪ್ ಕೈಕೊಟ್ಟಿದೆ — ಕೈಕೊಟ್ಟಿದೆ ಅನ್ನುವವಳು ನಾನೊಬ್ಬಳೇ, ಜೊತೆಗೆ ಬಂದಿರುವ ಇವರ ಲೆಕ್ಕದಲ್ಲಿ ಅದಕ್ಕೆ ಏನೂ ಆಗಿಲ್ಲ, ಚೆನ್ನಾಗೇ ಇದೆಯಲ್ಲ, ಇನ್ನೊಂದೆರಡು ವರ್ಷ ಬರುತ್ತೆ ಅಂದರು ಬೆಳಿಗ್ಗೆ ಚಪ್ಪಲಿ ಮೆಟ್ಟುತ್ತಾ, ಗಂಡಂದಿರಿಗೆ ಎಲ್ಲವೂ ಇನ್ನೊಂದೆರಡು ವರ್ಷ ಬರುತ್ತದೆ, ಆ ಚಪ್ಪಲಿಯೂ ಹಾಗೇ ಬಂದದ್ದು. ಅಂಗಡಿಯಾಕೆ ಐದು ಅನ್ನುತ್ತಾಳೆ, ಏಳು ಅನ್ನುತ್ತಾಳೆ, ಒಂಬತ್ತು ಅನ್ನುತ್ತಾಳೆ, ಶಾಲೆಯ ತರಗತಿ ಹೇಳಿದ ಹಾಗೆ, ಪ್ರೊಸೆಸರ್ ಅಂದ್ರೆ ಇದರ ಮಿದುಳು ಮೇಡಂ, ಅದೊಂದು ನೋಡಿ ತಗೊಂಡ್ರೆ ಮಿಕ್ಕಿದ್ದೆಲ್ಲ ನಡೆಯುತ್ತೆ, ಇದು ಹದಿಮೂರನೇ ತಲೆಮಾರಿಂದು — ನನಗೆ ನಮ್ಮ ಮನೆಯಲ್ಲೇ ಮುತ್ತಜ್ಜಿಯಿಂದ ಆಚೆ ಯಾರೂ ಗೊತ್ತಿಲ್ಲ, ಇವು ನಾನು ಕೆಲಸಕ್ಕೆ ಸೇರಿದ ಮೇಲೆ ಹುಟ್ಟಿ ಹದಿಮೂರು ತಲೆಮಾರು ಕಂಡಿವೆ, ಎಂಟು ಕೋರ್ ಇದೆ ಮೇಡಂ, ಎಂಟು ಜನ ಒಟ್ಟಿಗೆ ಕೂತು ಕೆಲಸ ಮಾಡಿದ ಹಾಗೆ, ಎಂಟು ಜನ ಒಟ್ಟಿಗೆ ಕೂತರೆ ಕೆಲಸ ಎಲ್ಲಿ ಆಗುತ್ತದೆ ತಾಯಿ, ನಮ್ಮ ಸ್ಟುಡಿಯೋದಲ್ಲಿ ನಾಲ್ಕು ಜನ ಕೂತರೇ ಹರಟೆ. ನಿಮ್ಮದು ಏನ್ ಕೆಲಸ ಅಂತ ಹೇಳಿದ್ರೆ ಯಾವ ಪ್ರೊಸೆಸರ್ ಬೇಕು ಹೇಳ್ತೀನಿ ಅಂದಳು, ಕನ್ನಡಕದ ಹಿಂದೆ ತಾಳ್ಮೆಯ ಕಣ್ಣು, ಮೂವತ್ತರ ಆಸುಪಾಸು ಇರಬೇಕು.

ಏನು ಕೆಲಸ ಅಂತ ಹೇಳಲಿ, ಬೇರೆಯವರ ದನಿ ತೊಳೆಯುವ ಕೆಲಸ, ಯಾರೋ ಪುಸ್ತಕ ಓದುತ್ತಾರೆ, ಇನ್ಯಾರೋ ಅದನ್ನು ಬಸ್ಸಿನಲ್ಲಿ ಕೂತು, ಪಾತ್ರೆ ತೊಳೆಯುತ್ತಾ, ನಿದ್ದೆ ಬರದೆ ಕೇಳುತ್ತಾರೆ, ನಡುವೆ ನಾನು, ಹೆಡ್‌ಫೋನ್ ಹಾಕಿಕೊಂಡು ಬಾಗಿಲು ಮುಚ್ಚಿ ಕೂತು ಉಸಿರು, ನಾಲಿಗೆ ಅಂಟಿದ ಸದ್ದು, ಹಾಳೆ ಮಗುಚಿದ್ದು, ಕುರ್ಚಿ ಕಿರುಗುಟ್ಟಿದ್ದು, ಹೊಟ್ಟೆ ಗುರ್ ಅಂದದ್ದು ಎಲ್ಲವನ್ನೂ ಅಕ್ಕಿಯಿಂದ ಕಲ್ಲು ಆರಿಸಿದ ಹಾಗೆ ಆರಿಸಿ ತೆಗೆಯುವವಳು, ಇಪ್ಪತ್ತಾರು ವರ್ಷದಿಂದ ಅದೇ. ಸ್ಟುಡಿಯೋದವರು ಕಿವಿಯಮ್ಮ ಅನ್ನುತ್ತಾರೆ, ಒಂದು ಸಲ ಓದುವವನ ಕೈಗಡಿಯಾರದ ಟಿಕ್‌ಟಿಕ್ ಕೇಳಿಸಿ ರೆಕಾರ್ಡಿಂಗ್ ನಿಲ್ಲಿಸಿದ್ದೆ, ಅವನು ಅಂಗಿಯ ತೋಳಿನೊಳಗೆ ಗಡಿಯಾರ ಕಟ್ಟಿಕೊಂಡಿದ್ದದ್ದು ಅವನಿಗೇ ಮರೆತುಹೋಗಿತ್ತು, ಆವತ್ತಿನಿಂದ ನನಗೆ ಆ ಹೆಸರು, ಹೊರಗೆ ಬೇಡ ಬೇಡ ಅಂದರೂ ಒಳಗೊಳಗೆ ಇಷ್ಟ. ಅದಕ್ಕೇ ನನ್ನ ಮೊದಲ ಷರತ್ತು ಸದ್ದು ಮಾಡಬಾರದು ಅಂತ, ಲ್ಯಾಪ್‌ಟಾಪೇ ಗೊಣಗುತ್ತಿದ್ದರೆ ರೆಕಾರ್ಡಿಂಗಿನೊಳಗಿನ ಸಣ್ಣ ತಪ್ಪು ನಾನು ಹೇಗೆ ಕೇಳಲಿ, ಹಾಗಾದ್ರೆ ಇದು ನೋಡಿ ಮೇಡಂ, ಇದರ ಪ್ರೊಸೆಸರ್ ಬಿಸಿಯೇ ಆಗಲ್ಲ, ಫ್ಯಾನೇ ಇಲ್ಲ, ಆದ್ರೆ ಶಕ್ತಿ ಒಂಚೂರು ಕಮ್ಮಿ, ಇನ್ನೊಂದಕ್ಕೆ ಶಕ್ತಿ ಜಾಸ್ತಿ, ಬಿಸಿ ಆಗುತ್ತೆ, ಫ್ಯಾನ್ ತಿರುಗುತ್ತೆ, ಸುಮ್ನಿರೋದು ಬೇಕಾ ಜೋರಿರೋದು ಬೇಕಾ ನೀವೇ ಹೇಳಿ. ಎರಡೂ ಬೇಕು, ವಧು ನೋಡಲು ಬಂದವರ ಹಾಗೆ ಎರಡೂ ಒಬ್ಬರಲ್ಲೇ ಬೇಕು, ಅವಳು ನಕ್ಕಳು.

ಹಳೆಯದು ಕೈಕೊಟ್ಟಿಲ್ಲ ಅಂದರೆ ಯಜಮಾನರು ಯಾಕೆ ಫೋನ್ ಮಾಡುತ್ತಿದ್ದರು, ಸ್ಟುಡಿಯೋ ಯಜಮಾನರು ಯಾವತ್ತೂ ಫೋನ್ ಮಾಡುವವರಲ್ಲ, ಎರಡು ವಾರದ ಹಿಂದೆ ಮಾಡಿದರು, ಬೇಜಾರು ಮಾಡ್ಕೋಬೇಡಿ ಅಮ್ಮಾ ಅಂತಲೇ ಶುರು, ನೀವು ತಿದ್ದಿ ಕಳ್ಸಿದ್ರಲ್ಲಿ ಸ ಅಕ್ಷರ ಬಂದಲ್ಲೆಲ್ಲ ಬುಸ್ ಬುಸ್ ಅಂತಿದೆ, ಹಿಂದೆ ಒಂದು ಸಣ್ಣ ಕೀ ಅನ್ನೋ ಸದ್ದೂ ಉಳ್ಕೊಂಡಿದೆ, ಒಂದ್ಸಲ ನೋಡಿ, ನೋಡಿದೆ, ಒಂದಲ್ಲ ನಾಲ್ಕು ಸಲ ಕೇಳಿದೆ, ಏನೂ ಇಲ್ಲ, ಮತ್ತೂ ವಾಪಸ್ ಬಂತು, ಆಗ ಹೇಳಿದೆ ಸಾರ್ ನನ್ನ ಲ್ಯಾಪ್‌ಟಾಪಿನ ಪ್ರೊಸೆಸರ್ ಹಳೆಯದು, ಸದ್ದು ತೆಗೆಯುವ ಸಾಫ್ಟ್‌ವೇರನ್ನು ಅದು ತಡೆಯುತ್ತಿಲ್ಲ, ಅರ್ಧ ಕೆಲಸ ಮಾಡಿ ಬಿಟ್ಟುಬಿಡುತ್ತದೆ, ಹೊಸದು ತಗೊಳ್ತೀನಿ — ಹೇಳುತ್ತಾ ಹೇಳುತ್ತಾ ನನಗೇ ನಂಬಿಕೆ ಬಂತು, ಎಂಥ ಸಮಾಧಾನ, ತಪ್ಪೆಲ್ಲ ಒಂದು ಉಗುರಗಲದ ಚಿಪ್ಪಿನ ತಲೆಗೆ. ಪುಸ್ತಕ ಓದುವಾಕೆ ನಿವೃತ್ತ ಟೀಚರ್, ಚೊಕ್ಕ ದನಿ, ಆದರೆ ಈ ವರ್ಷ ಅವರ ಸ ಯಾಕೋ ಮಂಕು, ಸಂಜೆ ಅಂದರೆ ಅಂಜೆ ಅಂದ ಹಾಗೆ, ವಯಸ್ಸಾಯಿತು ಪಾಪ, ನೋವಾಗದ ಹಾಗೆ ಹೇಳಿದೆ, ಟೀಚರ್ ಒಂದ್ಸಲ ಹಲ್ಲಿನ ಡಾಕ್ಟರಿಗೆ ತೋರಿಸಿ, ಹೋಗಿಯೇ ಬಂದರು, ಡಾಕ್ಟರು ಎಲ್ಲ ಗಟ್ಟಿಯಾಗಿದೆ ಅಂದರಂತೆ, ಸರಿ ನಾನೇ ಸರಿಮಾಡುತ್ತೇನೆ ಅಂತ ಸ ಸದ್ದನ್ನು ಮಾತ್ರ ಒಂದು ಗೆರೆ ಜೋರು ಮಾಡಿದೆ, ಸಾಲದು ಅನ್ನಿಸಿ ಇನ್ನೊಂದು ಗೆರೆ, ನನ್ನ ಕಿವಿಗೆ ಸರಿ ಅನ್ನಿಸುವವರೆಗೂ. ಮನೆಯಲ್ಲೂ ಅಷ್ಟೇ, ಇವರು ಇತ್ತೀಚೆಗೆ ನುಂಗಿ ನುಂಗಿ ಮಾತಾಡುತ್ತಾರೆ, ಔಷಧಿ ಅಂಗಡಿಯಲ್ಲಿ ದಿನವಿಡೀ ಮಾತಾಡಿ ಮನೆಗೆ ಬರುವಷ್ಟರಲ್ಲಿ ಮಾತು ಸವೆದಿರುತ್ತದೆ ಅಂತ ನಾನು ರೇಗಿಸುತ್ತೇನೆ, ಅವರು ನನ್ನನ್ನು ಜಾಣಕಿವುಡಿ ಅನ್ನುತ್ತಾರೆ, ಬಟ್ಟೆ ಒಗೆಯುವ ಮೆಷಿನ್ ಮುಗಿಯಿತು ಅಂತ ಕೂಗುತ್ತಿದ್ದರೂ ಕೂತಲ್ಲಿಂದ ಏಳೋದಿಲ್ಲ, ಬೇಕಾದದ್ದು ಮಾತ್ರ ಕೇಳಿಸುತ್ತೆ ನಿಂಗೆ, ಅಂದುಕೊಂಡೇ ಹೋಗಿ ಬಟ್ಟೆ ಹರವುತ್ತಾರೆ, ನಾನು ನಗುತ್ತೇನೆ, ನಿಜವಾಗಿಯೂ ಮೆಷಿನ್ ಕೂಗಿತ್ತಾ ಅಂತ ಯಾವತ್ತೂ ಕೇಳಲಿಲ್ಲ.

ಇಲ್ಲಿ ಗಲಾಟೆ, ಹಿಂದಿನ ಕೋಣೆಗೆ ಬನ್ನಿ ಅಂದಳು ಅಂಗಡಿಯಾಕೆ, ಚಾವಣಿಯವರೆಗೂ ರಟ್ಟಿನ ಪೆಟ್ಟಿಗೆ, ಹೊಸ ಪ್ಲಾಸ್ಟಿಕ್ ವಾಸನೆ, ಬಾಗಿಲು ಹಾಕಿದ ಕೂಡಲೇ ಹತ್ತಿ ತುಂಬಿದ ಹಾಗೆ ಮೌನ, ನನ್ನ ಕೆಲಸದ ಕೋಣೆಯ ಮೌನ, ಖುಷಿಯಾಯಿತು. ಎರಡನ್ನೂ ಪಕ್ಕಪಕ್ಕ ಇಟ್ಟಳು, ಎರಡರಲ್ಲೂ ಭಾರದ ಕೆಲಸ ಹಚ್ಚಿದಳು, ಬಿಸಿ ಆಗ್ಲಿ ಮೇಡಂ, ಆಗ್ಲೇ ಗೊತ್ತಾಗೋದು, ಐದು ನಿಮಿಷ ಕಾದೆವು, ಇವರು ಕೈ ಹಿಂದೆ ಕಟ್ಟಿಕೊಂಡು ಪೆಟ್ಟಿಗೆಗಳ ಮೇಲಿನ ಬರಹ ಓದುತ್ತಿದ್ದಾರೆ, ಔಷಧಿ ಡಬ್ಬಿಯ ಮೇಲಿನ ತಾರೀಖು ನೋಡಿ ನೋಡಿ ಬಂದ ಚಾಳಿ. ನಾನು ಬಾಗಿ ಒಂದಕ್ಕೆ ಕಿವಿಯಿಟ್ಟೆ, ಆಮೇಲೆ ಇನ್ನೊಂದಕ್ಕೆ, ಕಣ್ಣು ಮುಚ್ಚಿ, ಕೆನ್ನೆಗೆ ಒಂಚೂರು ಬಿಸಿ, ಅಷ್ಟೇ, ಎರಡೂ ಪಾಪದವು, ಎರಡೂ ಒಂದೇ ಥರ ಸುಮ್ಮನೆ, ಎದ್ದು ನಿಂತು ಗೆದ್ದವಳ ಹಾಗೆ ಅಂದೆ ಎರಡೂ ಸದ್ದೇ ಮಾಡಲ್ಲ, ಹಾಗಾದ್ರೆ ಜೋರಿರೋದನ್ನೇ ಕೊಡಿ. ಅವಳು ನನ್ನನ್ನು ನೋಡಿದಳು, ಇಲ್ಲ ಮೇಡಂ, ಇದು ಕೀ ಅಂತಿದೆಯಲ್ಲ. ಎಲ್ಲಿ? ಕಿವಿಯ ಮೇಲೆ ಹೂವಿಡುತ್ತಿದ್ದಾಳೆ ಅಂದುಕೊಂಡೆ, ಆದರೆ ಹೆಚ್ಚಿನ ಬೆಲೆಯದನ್ನೇ ಹಳಿದು ಇವಳಿಗೆ ಏನು ಲಾಭ, ಇವರು ಪೆಟ್ಟಿಗೆಯಿಂದ ಕಣ್ಣು ತೆಗೆಯದೆ ಹೌದು ಕಣೇ, ಸೊಳ್ಳೆ ಥರ ಹಿಡ್ಕೊಂಡಿದೆ, ಆಗ್ಲಿಂದ ಅಂದರು, ತಮಾಷೆ ಸಾಕು ರೀ, ನಾನೇನ್ ತಮಾಷೆ ಮಾಡ್ದೆ, ನೀನೇ ಇಲ್ಲೂ ಶುರು ಮಾಡಿದ್ಯಾ ಜಾಣಕಿವುಡು — ಅಂದು ತಿರುಗಿದರು, ನನ್ನ ಮುಖ ನೋಡಿದರು, ಅವರ ಮುಖದ ನಗು ಮಡಚಿಟ್ಟ ಹಾಗೆ ಹೋಯಿತು. ಜೇಬಿನಿಂದ ಅಂಗಡಿಯವರು ಕೊಟ್ಟಿದ್ದ ಸರದಿ ಚೀಟಿ ತೆಗೆದರು, ತೆಳ್ಳನೆಯ ಕಾಗದ, ಅದರ ತುದಿ ಹಿಡಿದು ಲ್ಯಾಪ್‌ಟಾಪಿನ ಬೆನ್ನಿನ ಸಂದಿಗೆ ಒಡ್ಡಿದರು, ಚೀಟಿ ನಡುಗಿತು.

ನಡುಗುತ್ತಿದೆ, ನಾನು ಚೀಟಿಯನ್ನೇ ನೋಡುತ್ತಿದ್ದೇನೆ, ಗಾಳಿ ಬರುತ್ತಿದೆ, ಗಾಳಿ ಬಂದರೆ ಫ್ಯಾನ್ ತಿರುಗುತ್ತಿದೆ, ಫ್ಯಾನ್ ತಿರುಗಿದರೆ ಸದ್ದಿದೆ, ಲೆಕ್ಕ ಸರಿಯಾಗಿದೆ, ಸದ್ದು ಮಾತ್ರ ಇಲ್ಲ — ಟೀಚರ್ ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಬಾಯಿ ತೆರೆದು ಕೂತಿದ್ದಾರೆ, ಗಟ್ಟಿ ಹಲ್ಲು, ಚೊಕ್ಕ ಸ, ಅಯ್ಯೋ ಟೀಚರ್, ನಿಮ್ಮ ಮುಖಕ್ಕೇ ಅಂದುಬಿಟ್ಟೆನಲ್ಲ, ನಾಳೆಯೇ ಹೋಗಿ ಹೇಳಬೇಕು, ಇದಕ್ಕೆ ಮುಂಚೆ ಬುಸ್ ಬುಸ್ ಅನ್ನುವ ಪುಸ್ತಕ ಎಷ್ಟು ಜನರ ಕಿವಿಗೆ ಹೋಯಿತೋ, ಮೆಷಿನ್ ದಿನಾ ಕೂಗಿದೆ, ಇವರು ಬಟ್ಟೆ ಹರವಿದ್ದಾರೆ, ಯಾವತ್ತಿನಿಂದ, ಯಾವ ದಿನ ಮೊದಲು ಹೋಯಿತು, ಹೋಗುವಾಗಲೂ ಸದ್ದು ಮಾಡದೆ ಹೋಗಿದೆ, ಕಿವಿಯಮ್ಮನಿಗೇ ಕೇಳಿಸದ ಹಾಗೆ. ಭಯ ಆಗಬೇಕಿತ್ತು, ಆಗುತ್ತಿಲ್ಲ, ದುಃಖವಾಗುತ್ತಿದೆ, ತಣ್ಣಗೆ, ಐವತ್ತಮೂರು ವರ್ಷಕ್ಕೆ ಇದು ಬೇಗವಾಯಿತು ಅನ್ನಿಸುತ್ತಿದೆ, ಬೇರೇನು ಕೆಲಸ ಬರುತ್ತದೆ ನನಗೆ, ಕಿವಿ ಬಿಟ್ಟರೆ. ಸದ್ದಿನ ಚಿತ್ರ ಇದೆ, ಪರದೆಯ ಮೇಲೆ ದನಿಯನ್ನೇ ಬರೆದು ತೋರಿಸುತ್ತದಲ್ಲ, ಕೆಳಗೆ ದಪ್ಪ ದನಿ, ಮೇಲೆ ಸಣ್ಣ ದನಿ, ಸ ಬಂದಲ್ಲಿ ಮೇಲುತುದಿಯಲ್ಲಿ ಬೆಳ್ಳನೆಯ ಮಚ್ಚೆ, ಕೀ ಅನ್ನುವುದು ಇದ್ದರೆ ಉದ್ದಕ್ಕೂ ಒಂದು ಗೆರೆ, ನಾನು ಅದನ್ನು ಮುಚ್ಚಿಟ್ಟೇ ಕೆಲಸ ಮಾಡಿದವಳು, ಹೊಸಬರು ಅದನ್ನು ತೆರೆದರೆ ಗದರುತ್ತಿದ್ದೆ, ಕಣ್ಣಲ್ಲಿ ಕೇಳ್ಬೇಡಿ, ಅದು ಕಲಿಯೋರಿಗೆ ಅಂತ. ಯಾವುದು ಕೊಡ್ಲಿ ಮೇಡಂ, ಅಂಗಡಿಯಾಕೆ ಮೆಲ್ಲಗೆ ಕೇಳುತ್ತಾಳೆ, ನನ್ನ ಕೈ ಮುಚ್ಚಳದ ಮೇಲಿದೆ, ನಾನು ಕೇಳುತ್ತೇನೆ, ಹತ್ತು ಗಂಟೆಯ ರೆಕಾರ್ಡಿಂಗ್ ಇದೆ, ಪೂರ್ತಿ ಚಿತ್ರ ಮಾಡಿ ತೋರಿಸ್ಬೇಕು, ನಡುವೆ ನಿಲ್ಬಾರದು, ಯಾವುದು ಮಾಡುತ್ತೆ, ಅದಕ್ಕೆ ಫ್ಯಾನ್ ಇರೋದೇ ಬೇಕು ಮೇಡಂ, ಇನ್ನೊಂದು ನಿಂತು ನಿಂತು ಮಾಡುತ್ತೆ. ಹಾಗಾದ್ರೆ ಅದೇ ಕೊಡಿ. ಇವರು ಅಡ್ಡ ಬಂದರು, ಈ ಸಲ ಒಂದೊಂದೇ ಮಾತು, ನುಂಗದೆ, ನನ್ನ ಕಡೆ ಮುಖ ಮಾಡಿ, ಅಲ್ಲ ಕಣೇ, ಅದು ಸದ್ದು ಮಾಡುತ್ತೆ. ಮಾಡ್ಲಿ ಬಿಡಿ ರೀ, ನಂಗೆ ಕೇಳ್ಸಲ್ಲ. ಅಂದೆ, ಅಂದಾಯಿತು, ಗಟ್ಟಿಯಾಗಿಯೇ ಅಂದಿರಬೇಕು, ಅಂಗಡಿಯಾಕೆ ಕನ್ನಡಕ ತೆಗೆದು ಒರೆಸುತ್ತಿದ್ದಾಳೆ, ಸೋಮವಾರ ಯಜಮಾನರಿಗೂ ಹೀಗೇ ಹೇಳಬೇಕು, ಪ್ರೊಸೆಸರ್ ಅಲ್ಲ ಸಾರ್, ನಾನು, ನಾನು ತಿದ್ದಿದ್ದನ್ನು ಇನ್ನೊಬ್ಬರ ಕಿವಿಯಲ್ಲಿ ಕೇಳಿಸಿ ಆಮೇಲೆ ಕಳಿಸಿ ಅಂತ, ಅವರು ಏನನ್ನುತ್ತಾರೋ, ಬೇರೆಯವರನ್ನು ನೋಡುತ್ತಾರೋ, ನೋಡಿದರೂ — ಇವರು ಇನ್ನೂ ಕೈ ತೆಗೆದಿಲ್ಲ, ಬೆರಳ ತುದಿಯಲ್ಲಿ ಚೀಟಿ, ಅದರ ಮೇಲೆ ನಮ್ಮ ಸರದಿಯ ಅಂಕಿ, ಓದಲಾಗದಷ್ಟು ಬೇಗ ಅಲುಗುತ್ತಿದೆ, ನಾನು ಕಿವಿಯನ್ನು ಇನ್ನೂ ಹತ್ತಿರ ಒಯ್ಯುತ್ತೇನೆ, ಇನ್ನೂ ಹತ್ತಿರ, ಚೀಟಿ ಕಿವಿಯ ಅಂಚಿಗೆ ತಾಗುತ್ತದೆ, ನಡುಗುತ್ತಿದೆ, ನಡುಗುತ್ತಲೇ ಇದೆ