ಏಪ್ರಿಲ್‌ನಲ್ಲಿ ಹತ್ತದ ಬೆಟ್ಟ

ಬೀಗದ ಮೇಲೆ ಕೂತಿದ್ದ ಮಿಡತೆ ಹಾರಿತು, ಪೆಟ್ಟಿಗೆ ತೆರೆದೆ, ಬ್ಯಾಟರಿ ಸರಿಯಿದೆ, ಹಸಿರು ದೀಪ ಮಿನುಗುತ್ತಿದೆ, ಒಳಗಿನ ಕಂಪ್ಯೂಟರ್ ತನ್ನ ಪಾಡಿಗೆ ಗಾಳಿ ಬರೆದುಕೊಂಡಿದೆ, ಬಿಸಿಲು ಬರೆದುಕೊಂಡಿದೆ, ಮಳೆಯ ಕಾಲಮ್ಮಿನಲ್ಲಿ ಮಾತ್ರ ಸೊನ್ನೆ, ಸೊನ್ನೆ, ಸೊನ್ನೆ — ಹನ್ನೊಂದು ದಿನದ ಹಿಂದಿನ ಆ ಶುಕ್ರವಾರವೂ ಸೊನ್ನೆಯೇ, ಇದೇ ಬೆಟ್ಟದ ಮೇಲೆ ಮುಗಿಲು ಹರಿದುಬಿದ್ದ ಮಧ್ಯಾಹ್ನ. ಉಯ್ಯಂಬಳ್ಳಿ ಕಡೆಯಿಂದ ಎರಡು ಗಂಟೆ ಹತ್ತಬೇಕು ಈ ಹವಾಮಾನ ಕೇಂದ್ರಕ್ಕೆ, ತಿಂಗಳಿಗೊಮ್ಮೆ ಬಂದು ಯಂತ್ರಗಳನ್ನೆಲ್ಲ ಒರೆಸಿ, ನೋಡಿ, ಸರಿಮಾಡಿ ಹೋಗುವುದೇ ನನ್ನ ಕೆಲಸ, ಸಾಬೀರ್ ಬಂದರೆ ಸಾಕು ಅನ್ನುತ್ತಾರೆ ಆಫೀಸಿನಲ್ಲಿ ನನ್ನ ಬಗ್ಗೆ, ಸಾಬೀರ್ ಬರಲಿಲ್ಲ ಏಪ್ರಿಲ್‌ನಲ್ಲಿ. ಬಿಸಿಲಿತ್ತು, ಬೆಟ್ಟದ ಬುಡದ ಹೋಟೆಲಿನಲ್ಲಿ ಟೀ ಇತ್ತು, ಫೋನಿನಲ್ಲಿ ಮ್ಯಾಚ್ ನಡೆಯುತ್ತಿತ್ತು, ಮಾರ್ಚ್‌ನಲ್ಲಿ ತೆಗೆದ ಯಂತ್ರದ ಫೋಟೋನೂ ಇತ್ತು, ಅದನ್ನೇ ಮತ್ತೆ ಆಫೀಸಿಗೆ ಕಳಿಸಿ ಎಲ್ಲ ಸರಿಯಿದೆ ಎಂದು ಬರೆದೆ, ಎಷ್ಟು ಸಲೀಸಾಗಿ ಬರೆದೆ. ಚನ್ನಪಟ್ಟಣದಲ್ಲಿ ನಮ್ಮ ಅಬ್ಬಾ ತಾವು ಕಡೆದ ಒಂದು ಬುಗುರಿ ನೆಟ್ಟಗೆ ತಿರುಗದಿದ್ದರೆ ಅಂಗಡಿಗೆ ಕೊಡುತ್ತಿರಲಿಲ್ಲ, ಮಕ್ಕಳು ಆಡೋದು ಕಣೋ ಅನ್ನುತ್ತಿದ್ದರು, ಬುಗುರಿಗೇ ಅಷ್ಟು, ಇದು ಮಳೆ, ಇಲ್ಲಿ ಜೋರು ಮಳೆ ಬಿದ್ದರೆ ಕೆಳಗಿನ ಹಳ್ಳದ ಊರಿನವರ ಫೋನಿಗೆಲ್ಲ ಎಚ್ಚರಿಕೆಯ ಮೆಸೇಜ್ ಹೋಗಬೇಕು — ಮಳೆ ಹಿಡಿಯುವ ಆಲಿಕೆಯಲ್ಲಿ ಒಣಗಿದ ಎಲೆ, ಹಕ್ಕಿ ಹಿಕ್ಕೆ, ಜೇಡನ ಬಲೆ, ತಂತಿಯಿಂದ ಕೆದಕುತ್ತಿದ್ದೇನೆ, ಬಂದುಬಿಟ್ಟಿತು, ಮೂರು ನಿಮಿಷ, ಮೂರೇ ನಿಮಿಷದ ಕೆಲಸ.

ಹಿಂದೆ ಬಂಡೆಯ ಮೇಲೆ ರಾಮಲಿಂಗಯ್ಯನವರು ಕೂತಿದ್ದಾರೆ, ಕೇಂದ್ರ ಕಾಯುವವರು, ಬೇಡ ಎಂದರೂ ನನ್ನ ಚೀಲ ಹೊತ್ತು ತಂದವರು, ದಾರಿಯುದ್ದಕ್ಕೂ ಅದೇ ಮಾತು, ಊರ್ನಾಗೆ ಆಕಾಸ ತಿಳಿಯಾಗಿತ್ತು ಕಣಪ್ಪಾ, ಮೆಸೇಜೂ ಬಂದಿರ್ಲಿಲ್ಲ, ಏನೂ ಇಲ್ಲ ಹೋಗು, ಹಳ್ಳದಾಚೆಯಿಂದ ಹಿಪ್ಪುನೇರಳೆ ಸೊಪ್ಪು ತಕಂಬಾ, ಹುಳ ಹಸ್ಕೊಂಡವೆ ಅಂತ ನಾನೇ ಕಳಿಸ್ಬುಟ್ಟೆ, ಮಿಷನ್ನು ಒಂದಿನ ಕೆಡ್ತದೆ, ಅದನ್ನೇನ್ ಅನ್ನಕಾಯ್ತದೆ, ನಂಗೇನಾಗಿತ್ತು — ಇವರ ಹೆಂಡತಿ ಚಿಕ್ಕಲಕ್ಷ್ಮಮ್ಮ ಹಳ್ಳದ ನಡುವೆ ಇದ್ದಾಗ ನೀರು ಬಂತಂತೆ, ಮೂರನೇ ದಿನ ಸಿಕ್ಕರಂತೆ, ಪ್ರತಿ ಸಲ ಇಳಿದಾಗ ನನಗೆ ಮಜ್ಜಿಗೆ ಕೊಟ್ಟು ಇನ್ನೊಂದು ಲೋಟ ಕುಡಿ ಮಗ ಎನ್ನುತ್ತಿದ್ದವರು. ಪೆಟ್ಟಿಗೆಯ ಬಾಗಿಲು ತೆರೆದ ದಿನಗಳನ್ನೂ ಕಂಪ್ಯೂಟರ್ ಬರೆದಿಟ್ಟಿದೆ, ಫೆಬ್ರವರಿ, ಮಾರ್ಚ್, ಆಮೇಲೆ ಇವತ್ತು, ನಡುವೆ ಏನೂ ಇಲ್ಲ, ಆ ಪಟ್ಟಿಯನ್ನು ಅಳಿಸಬಹುದು, ಹೌದು ಎಂಬ ಗುಂಡಿ ಒತ್ತಿದರೆ ಅಳಿಸಿಹೋಗುತ್ತದೆ, ಹಕ್ಕಿ ಕಸ ತಂದು ಹಾಕಿತ್ತು ಅಂದರೆ ಯಾರೂ ಕೇಳುವುದಿಲ್ಲ, ಇವರು ಮಾತ್ರ ಸಾಯುವ ತನಕ ನಾನೇ ಕಳಿಸ್ಬುಟ್ಟೆ ಅನ್ನುತ್ತಲೇ ಇರುತ್ತಾರೆ, ಬೆರಳು ಹೌದು ಮೇಲೆ ನಿಂತಿದೆ — ಏನಾಗಿತ್ತಪ್ಪಾ ಅದಕ್ಕೆ, ಎದ್ದು ಬಂದು ಕೇಳುತ್ತಿದ್ದಾರೆ, ಅದಕ್ಕೇನೂ ಆಗಿರಲಿಲ್ಲ ರಾಮಲಿಂಗಣ್ಣ, ಕಸ ಕಟ್ಟಿತ್ತು ಅಷ್ಟೇ, ಹೋದ ತಿಂಗಳು ನಾನು ಮೇಲಕ್ಕೇ ಬರ್ಲಿಲ್ಲ, ಬಂದೆ ಅಂತ ಸುಳ್ಳು ಬರೆದೆ, ತಪ್ಪು ನಿಮ್ದಲ್ಲ, ನಂದು, ಆಫೀಸಿಗೂ ಇದನ್ನೇ ಬರೀತೀನಿ. ಹೇಳಿದ್ದು ನಾನೇನಾ, ಹೊಡೆಯಲಿ ಎಂದುಕೊಂಡೆ, ಹೊಡೆಯಲಿಲ್ಲ, ಬಯ್ಯಲಿಲ್ಲ, ಕೆಳಗಿನ ಹಳ್ಳ ನೋಡಿದರು, ಆಮೇಲೆ ನೀರಿನ ಬಾಟಲಿ ಎತ್ತಿಕೊಂಡರು, ಸರಿಹೋಯ್ತಾ ನೋಡಾನ, ಆಲಿಕೆಗೆ ಹುಯ್ಯುತ್ತಿದ್ದಾರೆ, ಒಳಗಿನ ಪುಟ್ಟ ಬಟ್ಟಲು ತುಂಬಿ ವಾಲುತ್ತಿದೆ, ಟಿಕ್, ಟಿಕ್, ಹತ್ತು ಮಿಲಿಮೀಟರ್, ಇಪ್ಪತ್ತು, ಮೂವತ್ತು, ನಿಲ್ಲಿಸದೆ ಹುಯ್ಯುತ್ತಿದ್ದಾರೆ, ಅವರ ಅಂಗಿ ಜೇಬಿನಲ್ಲಿ ಫೋನು ಗುಂಯ್ ಎಂದಿತು, ತೆಗೆದರು, ಕಣ್ಣಿನ ಹತ್ತಿರ ಹಿಡಿದರು, ಬೆಟ್ಟದಲ್ಲಿ ಭಾರಿ ಮಳೆ, ಹಳ್ಳ ದಾಟಬೇಡಿ, ಒದ್ದೆ ಹೆಬ್ಬೆರಳಿನಿಂದ ಆ ಅಕ್ಷರಗಳನ್ನು ಒರೆಸುತ್ತಿದ್ದಾರೆ, ಹಳ್ಳ ದಾಟಬೇಡಿ, ಮತ್ತೆ ಒರೆಸುತ್ತಿದ್ದಾರೆ, ಹಳ್ಳ ದಾಟಬೇಡಿ, ಆ ಹೆಬ್ಬೆರಳು, ದಾಟಬೇಡಿ, ಆ ಹೆಬ್ಬೆರಳು