ಹೊಟ್ಟೆಯಿದ್ದ ತಲೆಹಲಗೆ

ನಾನು ಒಂದು ತಲೆಹಲಗೆ. ಮಂಚದ ತಲೆಕಡೆ ಗೋಡೆಗೆ ಬೆನ್ನು ಕೊಟ್ಟು ನಿಲ್ಲುವುದು ನನ್ನ ಕೆಲಸ. ಆದರೆ ಒಂದೇ ಕಡೆ ನಿಲ್ಲುವುದೆಂದರೆ ನನಗೆ ಮೊದಲಿನಿಂದಲೂ ಆಗದು. ಛಾಪಖಾನೆಯ ಯಂತ್ರವೊಂದನ್ನು ಕಾಯುವ ಪೆಟ್ಟಿಗೆಯ ಹಲಗೆಗಳಾಗಿ, ಲಾರಿಯ ಮೇಲೆ ಊರೂರು ದಾಟಿ ಗದಗಿಗೆ ಬಂದವನು ನಾನು. ಈ ಕಡೆ ಮೇಲಿರಬೇಕು ಎಂದು ತೋರಿಸುವ ಕಪ್ಪು ಬಾಣದ ಗುರುತು ಮೈಮೇಲಿತ್ತು. ಯಂತ್ರವನ್ನು ಹೂವಿನ ಹಾರ ಹಾಕಿ ಒಳಗೆ ಕರೆದುಕೊಂಡರು. ನನ್ನನ್ನು ಸುತ್ತಿಗೆಯಿಂದ ಒಡೆದು ಹೊರಗೆ ಹಾಕಿದರು.

ಅದೇ ಛಾಪಖಾನೆಯಲ್ಲಿ ಯಂತ್ರ ನಡೆಸುತ್ತಿದ್ದ ವಿರೂಪಾಕ್ಷಪ್ಪ ಮಾಲೀಕರನ್ನು ಕೇಳಿ, ನನ್ನ ನಾಲ್ಕು ಹಲಗೆಗಳನ್ನು ಸೈಕಲ್ಲಿಗೆ ಕಟ್ಟಿಕೊಂಡು ಮನೆಗೆ ನಡೆದ. ಮತ್ತೆ ಪ್ರಯಾಣ ಎಂದು ನಾನು ಹಿಗ್ಗಿದೆ. ಪ್ರಯಾಣ ಎರಡು ಓಣಿ ದಾಟಿ ಮುಗಿಯಿತು.

ಅವನಿಗೆ ನಾನು ಬೇಕಾದದ್ದು ಮಗಳಿಗಾಗಿ. ಎಂಟು ವರ್ಷದ ಅಕ್ಕಮಹಾದೇವಿಯನ್ನು ಮನೆಯಲ್ಲಿ ಎಲ್ಲರೂ ಅಕ್ಕೂ ಎನ್ನುತ್ತಿದ್ದರು. ತಮ್ಮ ಚೆನ್ನು ಹುಟ್ಟುವ ತನಕ ಅವಳು ತಾಯಿ ಶಿವಲೀಲಾಳ ಪಕ್ಕದಲ್ಲಿ, ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದು ಮಲಗುತ್ತಿದ್ದಳು. ಈಗ ಆ ಸೆರಗು ಚೆನ್ನೂನ ಮುಷ್ಟಿಯಲ್ಲಿತ್ತು. ಅಕ್ಕೂಗೆ ಚಿಕ್ಕ ಕೋಣೆಯಲ್ಲಿ ಬೇರೆ ಮಂಚ ಹಾಕಿದ್ದರು. ಹುಡುಗಿ ನಿದ್ದೆಯಲ್ಲಿ ಹೊರಳಿ ಹೊರಳಿ ಗೋಡೆಗೆ ತಲೆ ಬಡಿದುಕೊಳ್ಳುತ್ತಿದ್ದಳು. ಹಣೆಯ ಮೇಲಿನ ಬುಗುಟೆ ನೋಡಿ ಶಾಲೆಯ ಟೀಚರು, ಮನೆಯಲ್ಲಿ ಯಾರಾದರೂ ಹೊಡೆಯುತ್ತಾರಾ ಎಂದು ಕೇಳಿದರು. ಅಕ್ಕೂ ಅದನ್ನು ಮನೆಗೆ ಬಂದು ಹೇಳಿದಳು. ಆ ಮಾತು ಕೇಳಿ ಶಿವಲೀಲಾ ಅತ್ತಳು. ವಿರೂಪಾಕ್ಷಪ್ಪ ಅನ್ನ ಬಿಟ್ಟು ಎದ್ದು ಹೋಗಿದ್ದನಂತೆ.

ಭಾನುವಾರ ಅಂಗಳದಲ್ಲಿ ನನಗೆ ಹೊಸ ಜನ್ಮ. ನಾಲ್ಕು ಹಲಗೆ ಸಾಲಾಗಿ ಜೋಡಿಸಿ ಹಿಂದೆ ಎರಡು ಪಟ್ಟಿ ಹೊಡೆದ. ಮರಳುಕಾಗದದಿಂದ ಮೈ ಉಜ್ಜುವಾಗ ನನಗೆ ಕಚಗುಳಿ, ಅವನಿಗೆ ಬೆವರು. ಸೀಟು ರಿಪೇರಿ ಅಂಗಡಿಯವರು ಸುಮ್ಮನೆ ಕೊಟ್ಟ ಹಳೇ ಬಸ್ಸಿನ ಸ್ಪಂಜನ್ನು ನನ್ನ ಎದೆಗೆ ಅಂಟಿಸಿದ. ಹಾಗೆ ಹತ್ತೂರು ತಿರುಗಿದ ಬಸ್ಸೊಂದು ನನ್ನ ಮೈ ಸೇರಿತು. ಇದ್ದ ಚಡಪಡಿಕೆ ಎರಡರಷ್ಟಾಯಿತು. ಮಂಚಕ್ಕೆ ಬಿಗಿಯುವ ಬೋಲ್ಟಿಗೆಂದು ಕೊರೆದ ತೂತು ಬೇರೆ ಕೊಂಚ ದೊಡ್ಡದಾಗಿತ್ತು. ಅಂದಿನಿಂದ ನಾನು ಮುಟ್ಟಿದರೆ ಸಾಕು, ಕಟಕಟ ಅನ್ನುತ್ತೇನೆ. ಬಾಣದ ಗುರುತು ಕೆಳಗೆ ಮುಖ ಮಾಡಿದ್ದನ್ನು ಯಾರೂ ಗಮನಿಸಲಿಲ್ಲ. ನಾನು ಇಂದಿಗೂ ತಲೆಕೆಳಗಾಗಿಯೇ ಇದ್ದೇನೆ.

ಮೇಲೆ ಹೊದಿಸಲು ವಿರೂಪಾಕ್ಷಪ್ಪನ ತಾಯಿ ಬಸಲಿಂಗವ್ವ ಹಳೇ ಸೀರೆ ತುಂಡುಗಳ ಕೌದಿ ಹೊಲಿದಳು. ಅಲ್ಲಿಯೇ ತಕರಾರು ಹುಟ್ಟಿದ್ದು. ಕೌದಿ ಹೊಲಿದು ಮುಗಿಸುವ ಮೊದಲು ನಡುವೆ ಅಂಗೈಯಷ್ಟು ಜಾಗ ಬಿಟ್ಟು, ಅದರೊಳಗೆ ತಿನ್ನುವ ಪದಾರ್ಥ ಇಟ್ಟು ಹೊಲಿಗೆ ಮುಚ್ಚುವುದು ಆ ಮುದುಕಿಯ ಪದ್ಧತಿ. ಅದಕ್ಕೆ ಕೌದಿಯ ಹೊಟ್ಟೆ ತುಂಬಿಸುವುದು ಎನ್ನುತ್ತಿದ್ದಳು. ಮಗ ಮೊಳೆ ಹಿಡಿದು ಕಾಯುತ್ತ ನಿಂತಿದ್ದ.

"ಇದು ಹಲಗಿ ಬೇ ಅವ್ವ, ಕೌದಿ ಅಲ್ಲ," ಎಂದ.

"ಮ್ಯಾಲಿಂದು ಕೌದಿ ಹೌದಿಲ್ಲೋ? ಹಸದ ಹೊಟ್ಟಿ ಕೌದಿಗೆ ತಲಿ ಹಚ್ಚಿದ್ರ ಕೂಸಿಗೆ ನಿದ್ದಿ ಹೆಂಗ ಹತ್ತತೈತಿ?"

ಮೊಮ್ಮಗಳ ಮೇಲಿನ ಅಕ್ಕರೆಗೆ ಅವತ್ತು ಒಂದು ಹಿಡಿ ಜೋಳದ ಜೊತೆ ಹೋಳಿಗೆಯ ತುಂಡು, ಬೆಲ್ಲದ ಹೆಂಟೆ ಎರಡನ್ನೂ ತುರುಕಿದಳು. ಹೊದೆಯುವ ಕೌದಿಯಾದರೆ ಒಗೆಯುತ್ತಾರೆ, ಬಿಸಿಲಿಗೆ ಹಾಕುತ್ತಾರೆ, ಜಾಡಿಸುತ್ತಾರೆ. ನನ್ನನ್ನು ಜಾಡಿಸುವವರು ಯಾರು? ಅಷ್ಟು ಯೋಚನೆ ಅವಳಿಗೆ ಬರಲಿಲ್ಲ. ಎಂದೂ ಇಲ್ಲದ ಸಿಹಿ ಹೊಟ್ಟೆಗೆ ಬಿದ್ದು ನಾನೂ ಬೀಗಿದೆ.

ನಾಲ್ಕನೇ ದಿನ ಇರುವೆ ಬಂದವು. ಗೋಡೆಯ ಬಿರುಕಿನಿಂದ ಸಾಲುಗಟ್ಟಿ ಬಂದು ನನ್ನ ಹೊಟ್ಟೆ ಹೊಕ್ಕವು. ಆ ಉರಿ, ಆ ಹರಿದಾಟ ನೆನೆಸಿಕೊಂಡರೆ ಈಗಲೂ ಮೈ ಜುಮ್ಮೆನ್ನುತ್ತದೆ. ಅಕ್ಕೂನ ಕಿವಿಯ ಹಿಂದೆ, ಕುತ್ತಿಗೆಗೆ ಕಚ್ಚಿ ಕೆಂಪಗೆ ದದ್ದು ಎಬ್ಬಿಸಿದವು. ಅವಳು ಮಂಚ ಬಿಟ್ಟು ತಾಯಿಯ ಕೋಣೆಯ ಹೊಸ್ತಿಲಲ್ಲಿ ನೆಲದ ಮೇಲೆ ಮುದುರಿ ಮಲಗತೊಡಗಿದಳು. ಅವಳನ್ನು ಕಾಯಲೆಂದೇ ಹುಟ್ಟಿದ ನಾನು ಅವಳನ್ನು ಓಡಿಸಿದ್ದೆ. ನನಗೆ ಬಹಳ ನಾಚಿಕೆಯಾಯಿತು.

ವಿರೂಪಾಕ್ಷಪ್ಪ ನನ್ನ ಬೋಲ್ಟು ಬಿಚ್ಚಿ, ಬಚ್ಚಲ ಒಲೆಯ ಪಕ್ಕ ತಂದು ನಿಲ್ಲಿಸಿ ಕೊಡಲಿ ಹುಡುಕಿದ. ಆಗ ಬಸಲಿಂಗವ್ವ ನನ್ನ ಮುಂದೆ ಬಂದು ಕುಳಿತಳು. ತಪ್ಪು ತನ್ನದು, ಹಲಗೆಗೆ ಯಾಕೆ ಬೆಂಕಿ ಎಂದಳು. ಹೊಟ್ಟೆಯ ಹೊಲಿಗೆ ಬಿಚ್ಚಿ ಎಲ್ಲವನ್ನೂ ತೆಗೆದಳು, ಬಿಸಿಲಿಗಿಟ್ಟು ಇರುವೆ ಓಡಿಸಿದಳು. ಖಾಲಿ ಹೊಟ್ಟೆ ಮುಚ್ಚಲು ಮಾತ್ರ ಅವಳ ಕೈ ಏಳಲಿಲ್ಲ. ಪಕ್ಕದಲ್ಲಿ ಕುಳಿತು ನೋಡುತ್ತಿದ್ದ ಅಕ್ಕೂ ಅಜ್ಜಿಗೆ ಹೇಳಿದಳು.

"ಆಯಿ, ಇದರಾಗ ಅವ್ವನ ಸೆರಗ ಹಾಕು. ಅದನ್ನ ಇರುವಿ ತಿನ್ನಂಗಿಲ್ಲ."

ಚೆನ್ನೂನನ್ನು ಎತ್ತಿಕೊಂಡು ಬಾಗಿಲಲ್ಲಿ ನಿಂತಿದ್ದ ಶಿವಲೀಲಾ ಒಂದು ಗಳಿಗೆ ಮಗಳ ಮುಖ ನೋಡಿದಳು. ಕೂಸನ್ನು ಗಂಡನ ಕೈಗೆ ಕೊಟ್ಟಳು. ಅತ್ತೆಯ ಕತ್ತರಿ ತೆಗೆದುಕೊಂಡು ಉಟ್ಟ ಸೀರೆಯ ಸೆರಗಿನ ಮೂಲೆಯನ್ನು ಕತ್ತರಿಸಿಬಿಟ್ಟಳು. ಉಟ್ಟ ಬಟ್ಟೆಗೆ ಕತ್ತರಿ ಹಾಕುವುದನ್ನು ಆ ಮನೆಯಲ್ಲಿ ಅಪಶಕುನ ಎನ್ನುತ್ತಿದ್ದರು. ಬಸಲಿಂಗವ್ವ ಮುಖ ಆ ಕಡೆ ತಿರುಗಿಸಿ ಸೂಜಿಗೆ ದಾರ ಪೋಣಿಸಿದಳು. ಕಡೆಯ ಹೊಲಿಗೆಯನ್ನು ಅಕ್ಕೂ ತಾನೇ ಹಾಕಿದಳು. ಸೊಟ್ಟಗೆ ಹಾಕಿದಳು.

ನನ್ನನ್ನು ಮತ್ತೆ ಅಕ್ಕೂನ ಮಂಚಕ್ಕೆ ಬಿಗಿದರು. ಅಂದೇ ಅವಳಿಗೆ ಗಾಢ ನಿದ್ದೆ ಬಂತು ಎಂದು ಹೇಳಿದರೆ ಸುಳ್ಳಾದೀತು. ಹೊರಳಾಟ ಬಿಡಲು ತಿಂಗಳು ಹಿಡಿಯಿತು. ನಾನೂ ಕಟಕಟ ಎನ್ನುತ್ತ ಪೆಟ್ಟೆಲ್ಲ ತಿಂದೆ. ಅವಳು ತಲೆಯ ಮೇಲೆ ಕೈ ಎತ್ತಿ, ಕೌದಿಯ ಮೇಲಿನಿಂದಲೇ ಆ ಬಟ್ಟೆಯ ಗಂಟನ್ನು ಹುಡುಕಿ ಹಿಡಿಯುವುದನ್ನು ಕಲಿತಳು. ಹಣೆಯ ಬುಗುಟೆ ಇಳಿಯಿತು. ಟೀಚರು ಮತ್ತೇನೂ ಕೇಳಲಿಲ್ಲ.

ಹತ್ತು ವರ್ಷ ಹೀಗೇ ಕಳೆಯಿತು. ಬಸ್ಸಿನ ಸ್ಪಂಜು ಚಪ್ಪಟೆಯಾಯಿತು. ಬಸಲಿಂಗವ್ವ ತೀರಿಕೊಂಡಳು. ಅಕ್ಕೂಗೆ ಬೆಳಗಾವಿಯಲ್ಲಿ ನರ್ಸಿಂಗ್ ಸೀಟು ಸಿಕ್ಕಿತು. ಹಾಸ್ಟೆಲಿಗೆ ಹೊರಡುವ ಹಿಂದಿನ ದಿನ ಮಧ್ಯಾಹ್ನ ಅವಳು ಬಾಗಿಲು ಹಾಕಿಕೊಂಡು, ಬ್ಲೇಡಿನಿಂದ ನನ್ನ ಹೊಟ್ಟೆ ಬಿಚ್ಚಿ ಸೆರಗಿನ ತುಂಡನ್ನು ತೆಗೆದುಕೊಂಡಳು. ಕೊನೆಗೆ ನನ್ನನ್ನು ಉಪವಾಸ ಕೆಡವಿ ಹೋಗುತ್ತಾಳೆ ಎಂದುಕೊಂಡೆ. ಅವಳು ಬೇರೆ ಏನೋ ಇಟ್ಟು, ಈ ಸಲ ನೀಟಾಗಿ ಹೊಲಿದಳು. ಯಾರಿಗೂ ಹೇಳಲಿಲ್ಲ. ಹೇಳಲು ನನಗೆ ಬಾಯಿಲ್ಲ. ಆ ಗುಟ್ಟು ಹೊತ್ತು ನಿಂತ ಆರು ತಿಂಗಳು ನನಗೆ ಆರು ವರ್ಷದಂತಾಯಿತು.

ಶಿವಲೀಲಾ ಮಧ್ಯಾಹ್ನ ಆ ಮಂಚದ ಮೇಲೆ ಬಂದು ಮಲಗುತ್ತಿದ್ದಳು. ಮಲಗುವುದೇನು, ಬರೀ ಹೊರಳಾಟ. ಬಿಚ್ಚಿ ನೋಡವ್ವಾ ಎಂದು ನಾನು ಬೋಲ್ಟು ಅಲ್ಲಾಡಿಸಿ ಸದ್ದು ಮಾಡುತ್ತಿದ್ದೆ. ಹಾಳಾದ್ದು ಎಷ್ಟು ಸಪ್ಪಳ ಮಾಡುತ್ತದೆ ಎಂದು ಬೈಯುತ್ತಿದ್ದಳು.

ಕೊನೆಗೆ ಅಕ್ಕೂನ ಹಳೇ ಮಂಚದ ಜಾಗಕ್ಕೆ ಚೆನ್ನೂನ ಹೊಸ ಮಂಚ ಬಂತು. ನನ್ನನ್ನು ಒಯ್ಯಲು ಗುಜರಿ ಗಾಡಿಯವನು ಬಾಗಿಲಿಗೆ ಬಂದ. ಹೋಗುವ ಆಸೆ ಇದ್ದದ್ದು ನಿಜ, ಆದರೆ ಹೀಗಲ್ಲ. ಅತ್ತೆ ಹೊಲಿದದ್ದು ಎಂದು ಕೌದಿಯನ್ನಷ್ಟೇ ಉಳಿಸಿಕೊಳ್ಳಲು ಶಿವಲೀಲಾ ಮೊಳೆ ಕೀಳತೊಡಗಿದಳು. ಹೊಟ್ಟೆಯ ಹತ್ತಿರ ಕೈ ನಿಂತಿತು. ಸೊಟ್ಟ ಹೊಲಿಗೆ ಇರಬೇಕಾದ ಕಡೆ ನೀಟಾದ ಹೊಲಿಗೆ. ಬಿಚ್ಚಿ ನೋಡಿದರೆ ಸೆರಗಿಲ್ಲ. ಅಕ್ಕೂ ಶಾಲೆಗೆ ಹೋಗುವಾಗ ಎರಡು ಜಡೆಗೆ ಕಟ್ಟುತ್ತಿದ್ದ ಕೆಂಪು ರಿಬ್ಬನ್ನು ಗಂಟು ಹಾಕಿದಂತೆ ಒಳಗಿತ್ತು.

ಶಿವಲೀಲಾ ಅದನ್ನು ಹಿಡಿದು ಅಲ್ಲೇ ನೆಲಕ್ಕೆ ಕುಳಿತಳು. ಗಾಡಿಯವನು ಕೂಗಿ ಕರೆದಾಗ, "ಇದನ್ನ ಕೊಡಂಗಿಲ್ರಿ," ಎಂದಳು.

ಈಗ ನಾನು ಅವಳ ಮಂಚದ ತಲೆಕಡೆ ಇದ್ದೇನೆ. ರಿಬ್ಬನ್ನು ನನ್ನ ಹೊಟ್ಟೆಯಲ್ಲೇ ಇದೆ. ಹಲಗೆಗೆ ಹುಳು ಹಿಡಿದಿದೆ, ಇನ್ನು ಬಹಳ ವರ್ಷ ಬಾಳುವುದಿಲ್ಲ. ಅಕ್ಕೂ ಫೋನು ಮಾಡಿದಾಗಲೆಲ್ಲ, ನಿದ್ದೆ ಬರುತ್ತದಾ ಎಂದು ತಾಯಿಯನ್ನು ಕೇಳುತ್ತಾಳೆ. ಬರುತ್ತದೆ ಎಂದು ಇವಳು ಹೇಳುತ್ತಾಳೆ. ಅದು ಪೂರ್ತಿ ನಿಜವಲ್ಲ, ಇವಳ ಹೊರಳಾಟ ನನಗೆ ಗೊತ್ತು. ಆದರೆ ಹೊರಳುತ್ತ ಹೊರಳುತ್ತ ಇವಳ ಕೈ ತಲೆಯ ಮೇಲೆ ಬಂದು, ಕೌದಿಯ ಮೇಲಿನಿಂದ ಆ ಗಂಟನ್ನು ಹುಡುಕಿ ಹಿಡಿಯುತ್ತದೆ. ಆಮೇಲೆ ನಾನೂ ಸದ್ದು ಮಾಡುವುದಿಲ್ಲ.